ಸುಪಾ ಮುಳುಗಿದ ಲೆಕ್ಕ

ಅಭಿವೃದ್ಧಿಯ ಅರ್ಥಶಾಸ್ತ್ರ ಅಂದಕೂಡಲೆ ನಮ್ಮ ಕಾಲೇಜು ಹುಡುಗರು ತಲಾ ಆದಾಯದ ವ್ಯಾಖ್ಯೆ ಒಪ್ಪಿಸುತ್ತಾರೆ. ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸು. ಪರೀಕ್ಷೆಗೆ ಅಷ್ಟು ಸಾಕು. ಆ ಭಾಗಾಕಾರ ಏನೇನು ಮುಚ್ಚಿಡುತ್ತದೆ ಅಂತ ತಿಳಿಯಬೇಕಿದ್ದರೆ ಜೋಯಿಡಾ ತಾಲ್ಲೂಕಿನ ಗಣೇಶಗುಡಿಗೆ ಬರಬೇಕು. ಅಲ್ಲಿ ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸುಪಾ ಅಣೆಕಟ್ಟು ನಿಂತಿದೆ. ಅದರ ಬುಡದಲ್ಲೇ 100 ಮೆಗಾವ್ಯಾಟಿನ ವಿದ್ಯುದಾಗಾರ. ಇದೇ ನೀರನ್ನು ನಂಬಿಕೊಂಡ ಕೆಳಗಿನ ನಾಗಝರಿಯದ್ದು ಅದರ ಎಂಟು ಪಟ್ಟಿಗೂ ಹೆಚ್ಚು.

ಸುಪಾ ಅನ್ನೋದು ಮೊದಲು ಅಣೆಕಟ್ಟಿನ ಹೆಸರಲ್ಲ, ಊರಿನ ಹೆಸರು. ಕಾಳಿ, ಪಾಂಡ್ರಿ ಕೂಡುವ ಜಾಗದಲ್ಲಿದ್ದ ಆ ಊರೇ ತಾಲ್ಲೂಕಿಗೆ ಹೆಸರು ಕೊಟ್ಟಿತ್ತು. 1980ರ ದಶಕದಲ್ಲಿ ಹಿನ್ನೀರು ಏರಿತು, ಊರು ಸುತ್ತಲ ಹಳ್ಳಿಗಳ ಜತೆ ಮುಳುಗಿತು. ಕಚೇರಿ ಜೋಯಿಡಾಕ್ಕೆ ಹೋಯಿತು, ಜನರನ್ನು ರಾಮನಗರಕ್ಕೆ ಕಳಿಸಿದರು. 1948ರಲ್ಲಿ ಹಿರಾಕುಡ್‌ನಲ್ಲಿ ನೆಹರೂ, ಕಷ್ಟಪಡಲೇಬೇಕಾದರೆ ದೇಶದ ಹಿತಕ್ಕಾಗಿ ಪಡಿ ಎಂಬರ್ಥದ ಮಾತಾಡಿದ್ದರು. ದೇಶ ಅಂದರೆ ಯಾರು ಅಂತ ಆಗ ಕೇಳಿದವರು ಕಡಿಮೆ.

ಪರಿಹಾರದ ಲೆಕ್ಕ ನೋಡಿ. ಆಗ ಇದ್ದದ್ದು ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ. ಅದು ಹೋಗಿದ್ದು 2013ರ ಹೊಸ ಕಾಯ್ದೆ ಬಂದ ಮೇಲೆ. ಕಾಗದ ಇದ್ದವನಿಗೆ ದುಡ್ಡು, ಕಾಗದ ಇಲ್ಲದವನಿಗೆ ದಾರಿ. ಈ ಕಾಡಿನ ಕುಣಬಿಗಳಿಗೆ, ಸಿದ್ದಿಗಳಿಗೆ, ಗೌಳಿಗಳಿಗೆ ಎಲ್ಲಿಂದ ಬರಬೇಕು ಕಾಗದ? ಅವರ ಬದುಕಿದ್ದದ್ದು ಕುಮರಿ ಬೇಸಾಯದಲ್ಲಿ, ದನದ ಮೇವಿನಲ್ಲಿ, ಜೇನು, ಬಿದಿರು, ಗೆಡ್ಡೆಗಳಲ್ಲಿ. ಕುಮರಿಯನ್ನು ಅರಣ್ಯ ಇಲಾಖೆ ಬ್ರಿಟಿಷರ ಕಾಲದಲ್ಲೇ ಹಿಂಡುತ್ತಾ ಬಂದಿತ್ತು. ಅಂದರೆ ಬಡತನ ಇವರಿಗೆ ಮೈಗಳ್ಳತನದಿಂದ ಬಂದದ್ದಲ್ಲ, ಗೆಜೆಟ್ಟಿನಲ್ಲಿ ಅಚ್ಚಾಗಿ ಬಂದದ್ದು.

ಬಿದಿರಿನ ಕತೆ ಇನ್ನೂ ಸ್ಪಷ್ಟ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಶುರುವಾಯಿತು. ಸರಕಾರ ಅದಕ್ಕೆ ಬಿದಿರು ಕೊಟ್ಟದ್ದು ಟನ್ನಿಗೆ ಕೆಲವೇ ರೂಪಾಯಿ ಲೆಕ್ಕದಲ್ಲಿ. ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವ ಮೇದಾರ ಪೇಟೆಯಲ್ಲಿ ಕೊಟ್ಟದ್ದು ಅದರ ಎಷ್ಟೋ ಪಟ್ಟು. ಉತ್ತರ ಕನ್ನಡದ ಬಿದಿರಿನ ಬಗ್ಗೆ ಮಾಧವ ಗಾಡ್ಗೀಳರು ನಡೆಸಿದ ಅಧ್ಯಯನ ಈ ಅಸಮಾನತೆಯನ್ನು ಬಯಲಿಗೆಳೆಯಿತು. ಸಬ್ಸಿಡಿ ಬಡವರನ್ನು ಸೋಮಾರಿ ಮಾಡುತ್ತೆ ಅನ್ನೋ ಪಂಡಿತರು ಈ ಸಬ್ಸಿಡಿಗೆ ಯಾವ ಹೆಸರು ಇಡುತ್ತಾರೋ!

1955ರಲ್ಲಿ ಸೈಮನ್ ಕುಜ್ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ಊಹೆ ಮುಂದಿಟ್ಟ: ದೇಶ ಬೆಳೆಯುವಾಗ ಅಸಮಾನತೆ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಇದು ಬಹುಪಾಲು ಊಹೆಯೇ ಅಂತ ಆತನೇ ಒಪ್ಪಿದ್ದ. ನಮ್ಮ ಯೋಜನಾಕಾರರು ಮಾತ್ರ ಅದನ್ನು ವೇದ ಮಾಡಿಕೊಂಡರು. ಜೋಯಿಡಾದಲ್ಲಿ ಇಳಿದದ್ದು ನೀರು. ಅಣೆಕಟ್ಟು ಮುಗಿದು ವರ್ಷಗಳಾದರೂ ಕಾಡಿನ ಎಷ್ಟೋ ಮಜರೆಗಳಲ್ಲಿ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ತಂತಿ ಅವರ ತಲೆಮೇಲೆ ಹಾದು ಪಟ್ಟಣಗಳಿಗೆ ಹೋಗುತ್ತಿತ್ತು.

ಹಾಗಂತ ಕರೆಂಟೇ ಬೇಡ ಅನ್ನೋಣವೇ? ಅದು ಹೊಟ್ಟೆ ತುಂಬಿದವರ ಮಾತು. 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಬಾಬಾಸಾಹೇಬರು ನದಿ ಯೋಜನೆಗಳಿಗೆ, ವಿದ್ಯುತ್ತಿಗೆ ನೀತಿ ರೂಪಿಸಿದವರು. ವಿದ್ಯುತ್ತು ಅಗ್ಗವಾಗಿ, ಯಥೇಚ್ಛವಾಗಿ ಸಿಗಬೇಕು, ಜನ ಬಡತನದ ಸುಳಿಯಿಂದ ಹೊರಬರಬೇಕು ಅನ್ನೋದು ಅವರ ಆಸೆ. ಅವರೇ 1949ರ ನವೆಂಬರಿನಲ್ಲಿ ಸಂವಿಧಾನ ಸಭೆಗೆ ಎಚ್ಚರಿಸಿದ್ದು: ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಈ ವಿರೋಧಾಭಾಸ ಬಹುಕಾಲ ನಿಲ್ಲದು ಅಂತ.

ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003 ಆಗಬೇಕಾಯಿತು. ಗಡಿಯಾಚೆ ಗೋವಾದ ಕುಣಬಿಗಳೂ ಅದೇ ವರ್ಷ ಸೇರಿದರು. ಅದೇ ಜನ, ಅದೇ ಕಾಡು. ಗಡಿಯ ಈಚೆ ಜೋಯಿಡಾದ ಕುಣಬಿಗಳು ಮಾತ್ರ ಅರ್ಜಿ ಹಿಡಿದು ಕಚೇರಿ ಸುತ್ತುತ್ತಾ ಬಂದಿದ್ದಾರೆ. ಗಣೇಶಗುಡಿಯಲ್ಲೀಗ ರೆಸಾರ್ಟುಗಳಿವೆ, ಕಾಳಿಯಲ್ಲಿ ರಬ್ಬರ್ ದೋಣಿಯ ಆಟವಿದೆ. ಅಣೆಕಟ್ಟಿನವರು ನೀರು ಬಿಟ್ಟರೆ ಮಾತ್ರ ದೋಣಿ ಓಡುತ್ತದೆ, ಹುಟ್ಟು ಹಾಕುವ ಹುಡುಗರಿಗೆ ಅವತ್ತಿನ ಕೂಲಿ ಸಿಗುತ್ತದೆ.