ಅರುವಂಕಾಡಿನ ಮದ್ದೂ ಸಿಪಾಯಿಯ ಬಿಸಿನೀರೂ

ಕುನ್ನೂರಿನಿಂದ ಉದಕಮಂಡಲಕ್ಕೆ ಬೆಟ್ಟದ ರೈಲಿನಲ್ಲಿ ಹೋಗುವವರು ವೆಲ್ಲಿಂಗ್ಟನ್ ಕಳೆದೊಡನೆ ಅರುವಂಕಾಡು ಎಂಬ ನಿಲ್ದಾಣವನ್ನು ಕಾಣುವರು. ಇಲ್ಲಿನ ಕಾರ್ಡೈಟು ಕಾರ್ಖಾನೆ ಸ್ಥಾಪಿತವಾದುದು ಕಳೆದ ಶತಮಾನದ ಆರಂಭದಲ್ಲಿ; ಕಾಟೇರಿ ಜಲಪಾತವು ಅದಕ್ಕೆ ವಿದ್ಯುಚ್ಛಕ್ತಿಯನ್ನು ಒದಗಿಸಿತು. ಎರಡು ಮಹಾಯುದ್ಧಗಳಲ್ಲಿ ಭಾರತದ ಸಿಪಾಯಿ ಹೊತ್ತ .303 ರೈಫಲಿನ ತೋಟಾಗಳಿಗೆ ಬೇಕಾದ ಮದ್ದು ಇಂತಹ ಕಾರ್ಖಾನೆಯದು. ನೀಲಗಿರಿಯ ಚಹದ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಮದ್ದಿನ ಚರಿತ್ರೆಯನ್ನು ಬಲ್ಲವರು ವಿರಳ.

ಕಾರ್ಡೈಟು ಪುಡಿಯಲ್ಲ, ಶಾವಿಗೆಯಂತಹ ಎಳೆ. 1889ರಲ್ಲಿ ಏಬಲ್ ಮತ್ತು ಡೀವರ್ ಎಂಬ ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಇದನ್ನು ರೂಪಿಸಿದರು. ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿ, 5 ಪಾಲು ವ್ಯಾಸಲೀನ್ ಅದರಲ್ಲಿದ್ದವು. ಹೊಗೆ ಅತ್ಯಲ್ಪ, ಬಲ ಅಧಿಕ. ಆದರೆ ಅದರ ಉರಿ ನಳಿಗೆಯನ್ನೇ ತಿನ್ನತೊಡಗಿತು! 1888ರ ಲೀ-ಮೆಟ್‌ಫರ್ಡ್ ರೈಫಲಿನ ಆಳವಿಲ್ಲದ ತೋಡುಗಳು ಕರಿಮದ್ದಿಗೆ ತಕ್ಕವಾಗಿದ್ದವು, ಕಾರ್ಡೈಟಿಗಲ್ಲ. ಆದುದರಿಂದಲೇ 1895ರಲ್ಲಿ ಆಳವಾದ ಐದು ತೋಡುಗಳ ಲೀ-ಎನ್‌ಫೀಲ್ಡ್ ಬಂದಿತು. ಬೋಯರ್ ಯುದ್ಧದ ತರುವಾಯ ನೈಟ್ರೋಗ್ಲಿಸರಿನ್ ಪ್ರಮಾಣವನ್ನು 30ಕ್ಕೆ ಇಳಿಸಲಾಯಿತು.

ಹಳೆಯ .303 ರೈಫಲಿನ ನಳಿಗೆಯೊಳಗೆ ತುಕ್ಕಿನ ಗುಳಿಗಳನ್ನು ಕಂಡವರು ಮದ್ದನ್ನೋ ವಯಸ್ಸನ್ನೋ ದೂರುವುದುಂಟು. ನನ್ನ ಅಭಿಪ್ರಾಯದಲ್ಲಿ ಇದು ಅನ್ಯಾಯ. ಮುಖ್ಯ ಅಪರಾಧಿ ತೋಟಾದ ಬುಡದಲ್ಲಿರುವ ಪುಟ್ಟ ಕೇಪು. ಅದರಲ್ಲಿನ ಪೊಟ್ಯಾಸಿಯಂ ಕ್ಲೋರೇಟು ಉರಿದು ಪೊಟ್ಯಾಸಿಯಂ ಕ್ಲೋರೈಡಾಗಿ ನಳಿಗೆಗೆ ಅಂಟುತ್ತದೆ. ಇದು ಅಡುಗೆಯುಪ್ಪಿನ ಹತ್ತಿರದ ಬಂಧು. ಮಳೆಗಾಲದಲ್ಲಿ ಗೂಡಲೂರಿನ ಮನೆಗಳ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕೆ? ಮಂಜಿನ ತೇವವನ್ನು ಹೀರಿದ ಆ ಉಪ್ಪು ಉಕ್ಕನ್ನು ಕೊರೆಯುತ್ತದೆ. ಎಣ್ಣೆ ಅದನ್ನು ಕರಗಿಸದು. ಮೇಲೆ ಹೊದಿಕೆಯಾಗಿ ನಿಲ್ಲುವುದಷ್ಟೆ.

ಕಬ್ಬಿಣಕ್ಕೆ ನೀರು ಶತ್ರು ಎಂಬುದು ಲೋಕರೂಢಿ. ಸಿಪಾಯಿಗೆ ಕಲಿಸಿದ್ದು ಇದಕ್ಕೆ ವಿರುದ್ಧ. ಗುಂಡು ಹಾರಿಸಿದ ದಿನವೇ ಬೋಲ್ಟನ್ನು ಹೊರತೆಗೆದು, ಆಲಿಕೆಯಿಟ್ಟು, ಹಿಂಭಾಗದಿಂದ ಕುದಿನೀರು ಸುರಿಯಬೇಕು. ತಣ್ಣೀರೂ ಉಪ್ಪನ್ನು ಕರಗಿಸೀತು. ಆದರೆ ಕುದಿನೀರಿನಿಂದ ಕಾದ ಉಕ್ಕು ತನ್ನ ಬಿಸಿಯಿಂದಲೇ ಬೇಗ ಒಣಗುತ್ತದೆ. ಬಳಿಕ ಬಟ್ಟೆ ಕಟ್ಟಿದ ಹುರಿಯನ್ನು ಹಿಂದಿನಿಂದ ಬಾಯಿಯ ಕಡೆಗೆ ನೇರವಾಗಿ ಎಳೆಯಬೇಕು. ಓರೆಯಾಗಿ ಎಳೆದರೆ ಹುರಿಯೇ ಬಾಯಂಚನ್ನು ಸವೆಸಿ ಗುರಿ ಕೆಡಿಸುವುದು. ಕೊನೆಗೆ ಎಣ್ಣೆಯ ಲೇಪ. ಹುರಿ, ಎಣ್ಣೆಸೀಸೆಗಳೆರಡೂ ಕೋವಿಯ ಹಿಡಿಯೊಳಗಿನ ಪೊಟರೆಯಲ್ಲೇ ಅಡಗಿರುತ್ತಿದ್ದವು. ಮತ್ತೆ ಗುಂಡು ಹಾರಿಸುವ ಮುನ್ನ ಆ ಎಣ್ಣೆಯನ್ನು ಒರೆಸಬೇಕು. ಇಲ್ಲವಾದರೆ ಮೊದಲ ಗುಂಡು ದಾರಿ ತಪ್ಪೀತು.

ಒಂದು ರೈಫಲಿನ ಬೋಲ್ಟನ್ನು ಇನ್ನೊಂದಕ್ಕೆ ಹಾಕಕೂಡದೆಂಬ ಕಟ್ಟುನಿಟ್ಟೂ ಇತ್ತು. ತೋಟಾದ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವಣ ಅಂತರ ಹೆಚ್ಚಿದರೆ ಹಿತ್ತಾಳೆಯ ತೋಟಾ ಹರಿಯುವ ಅಪಾಯವುಂಟು. ಅದಕ್ಕಾಗಿಯೇ ಎರಡಕ್ಕೂ ಒಂದೇ ಸಂಖ್ಯೆಯನ್ನು ಕೊರೆಯುತ್ತಿದ್ದರು.

ಹೀಗೆ ಕಾಪಾಡಿದ ಕೋವಿಗಳು ಸೈನ್ಯವನ್ನು ಬಿಟ್ಟ ಮೇಲೂ ಪೋಲೀಸರ ಕೈಯಲ್ಲಿ ದಶಕಗಳ ಕಾಲ ಬಾಳಿದವು. ಉತ್ತರ ಪ್ರದೇಶದ ಪೋಲೀಸರು ಅವನ್ನು ಬೀಳ್ಕೊಟ್ಟದ್ದು 2020ರಲ್ಲಿ. ಅರುವಂಕಾಡಿನ ಕಾರ್ಖಾನೆ 2021ರಿಂದ ಮ್ಯೂನಿಷನ್ಸ್ ಇಂಡಿಯಾ ಸಂಸ್ಥೆಗೆ ಸೇರಿದೆ.