1604ರ ಮಹಾನವ್ಯದ ವರ್ಗನಿರ್ಣಯ: ಬಾಡೆಯವರ ಕಾಂತಿರೇಖೆಯ ಮರುಪರಿಶೀಲನೆ

ಉರಗಧರ ನಕ್ಷತ್ರಪುಂಜದಲ್ಲಿ 1604ರ ಅಕ್ಟೋಬರಿನಲ್ಲಿ ಕಾಣಿಸಿಕೊಂಡು ಕೆಪ್ಲರನ ಹೆಸರಿನಿಂದ ಪ್ರಸಿದ್ಧವಾದ ಮಹಾನವ್ಯವು ಒಂದನೆಯ ವರ್ಗಕ್ಕೆ ಸೇರಿದ್ದೆಂದು ವಾಲ್ಟರ್ ಬಾಡೆಯವರು 1943ರ ಪ್ರಬಂಧದಲ್ಲಿ ಕಾಂತಿರೇಖೆಯ ಬಲದಿಂದ ಸಾಧಿಸಿದರೆಂಬ ಮಾತು ಒಬ್ಬರಿಂದೊಬ್ಬರಿಗೆ ದಾಟುತ್ತ ಬಂದಿದೆ. ಕಾಂತಿರೇಖೆಯೆಂದರೆ ನಕ್ಷತ್ರದ ಬೆಳಕು ಕಾಲಕ್ರಮದಲ್ಲಿ ಏರಿಳಿಯುವ ಬಗೆಯನ್ನು ತೋರಿಸುವ ನಕ್ಷೆ. ಒಂದನೆಯ ವರ್ಗವೆಂದರೆ, 1941ರಲ್ಲಿ ಮಿಂಕೋವ್ಸ್ಕಿಯವರು ಮಾಡಿದ ವಿಭಾಗದಂತೆ, ರೋಹಿತದಲ್ಲಿ ಜಲಜನಕದ ಗೆರೆಗಳಿಲ್ಲದ ಮಹಾನವ್ಯ. ವರ್ಗವನ್ನು ಗುರುತಿಸುವ ಲಕ್ಷಣ ರೋಹಿತದಲ್ಲಿರುವಾಗ, ದೂರದರ್ಶಕವೂ ಇಲ್ಲದ ಕಾಲದ ಬರಿಗಣ್ಣಿನ ವರದಿಗಳಿಂದ ಅದು ಸಿದ್ಧವಾದದ್ದು ಹೇಗೆಂಬ ಪ್ರಶ್ನೆಗೆ, ಬಾಡೆಯವರನ್ನು ಉಲ್ಲೇಖಿಸುವವರಲ್ಲಿ ಅನೇಕರು ಉತ್ತರ ಹುಡುಕಲು ಹೋಗಿಲ್ಲ. ಬಾಡೆಯವರ ತೀರ್ಮಾನ ಸರಿಯಾದದ್ದೇ. ಆದರೆ ಅವರು ಕೊಟ್ಟ ಆಧಾರ ಆ ತೀರ್ಮಾನಕ್ಕೆ ಸಾಲದು.

ಆಧಾರದ ಗಟ್ಟಿ ಭಾಗವನ್ನು ಮೊದಲು ಒಪ್ಪಬೇಕು. ಅಕ್ಟೋಬರ್ 9ರಂದು ಕುಜ ಮತ್ತು ಗುರುಗಳ ಯುತಿಯಿದ್ದುದರಿಂದ ಯುರೋಪಿನ ವೀಕ್ಷಕರು ಆಕಾಶದ ಅದೇ ಭಾಗವನ್ನು ನೋಡುತ್ತಿದ್ದರು. ಹೊಸ ತಾರೆಯನ್ನು ಅವರು ಮೊದಲು ಕುಜನಿಗೂ ಬಳಿಕ ಗುರುವಿಗೂ ಹೋಲಿಸಿದರು. ಗ್ರಹಗಳ ಅಂದಿನ ಕಾಂತಿಮಾನವನ್ನು ಗಣಿಸಿ ಈ ಹೋಲಿಕೆಗಳನ್ನು ಬಾಡೆಯವರು ಅಂಕಿಗಳಾಗಿ ಪರಿವರ್ತಿಸಿದ ಕ್ರಮ ನಿರ್ದುಷ್ಟವಾದುದು. ಪ್ರಾಗ್‌ನಿಂದ ಆ ತಾರೆ ಕ್ಷಿತಿಜದಿಂದ 19 ಡಿಗ್ರಿಗಿಂತ ಮೇಲೇರುವುದು ಸಾಧ್ಯವಿರಲಿಲ್ಲವಾದರೂ, ಅಕ್ಕಪಕ್ಕದ ಎರಡು ಜ್ಯೋತಿಗಳನ್ನು ವಾತಾವರಣ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮಂಕಾಗಿಸುವುದರಿಂದ, ಅಕ್ಟೋಬರಿನ ಹೋಲಿಕೆಗಳು ನಂಬಲರ್ಹವಾಗಿವೆ.

ತೊಡಕಿರುವುದು ಮುಂದಿನ ಘಟ್ಟದಲ್ಲಿ. ತಾರೆಯ ಬೆಳಕು ಅಕ್ಟೋಬರಿನ ಕೊನೆಯ ಸುಮಾರಿಗೆ ಪರಮಾವಧಿಗೆ ಮುಟ್ಟಿತು. ನವೆಂಬರಿನ ನಡುವೆ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಗಿ, ಜನವರಿಯ ಮೊದಲಲ್ಲಿ ಮುಂಜಾನೆಯ ಆಕಾಶದಲ್ಲಿ ಮತ್ತೆ ಕಂಡಿತು. ಗ್ರಹಗಳ ವಿಷಯದಲ್ಲಿ ಪಂಚಾಂಗಕರ್ತರು ಮೌಢ್ಯವೆಂದು ಕರೆಯುವ ಸ್ಥಿತಿಯೇ ಇದು. ಒಂದನೆಯ ವರ್ಗದ ಕಾಂತಿರೇಖೆಯ ವಿಶಿಷ್ಟ ಗುರುತೋ, ಪರಮಾವಧಿಯ ನಂತರ ಸುಮಾರು ಒಂದು ತಿಂಗಳಿಗೆ ಕಡಿದಾದ ಇಳಿತ ನಿಧಾನದ ಇಳಿತಕ್ಕೆ ತಿರುಗುವ ಬಾಗು. 1604ರಲ್ಲಿ ಆ ಬಾಗು ಬೀಳಬೇಕಾಗಿದ್ದದ್ದು ಸರಿಯಾಗಿ ಈ ಮೌಢ್ಯದ ನಡುವೆಯೇ. ವೀಕ್ಷಣೆಯೇ ಇಲ್ಲದ ವಾರಗಳ ಮೇಲೆ ಅಖಂಡವಾದ ಗೆರೆಯನ್ನು ಎಳೆಯುವವನು ಆ ಭಾಗವನ್ನು ಬೇರೆ ಮಹಾನವ್ಯಗಳ ಮಾದರಿಯಿಂದ ತುಂಬುತ್ತಾನೆಯೇ ಹೊರತು ಕೆಪ್ಲರನ ಸಾಕ್ಷ್ಯದಿಂದಲ್ಲ. ಹೀಗೆ ತುಂಬಿದ ಗೆರೆಯನ್ನೇ ಮಾದರಿಗೆ ಪ್ರಮಾಣವೆಂದು ತೋರಿಸಿದರೆ ಸಾಧಿಸಬೇಕಾದುದನ್ನೇ ಹೇತುವಾಗಿ ಹಿಡಿದಂತಾಗುತ್ತದೆ.

ಬಾಡೆಯವರ ರೇಖೆಯಲ್ಲಿ ಸೇರದ ಕೊರಿಯಾದ ದಾಖಲೆಗಳನ್ನು 1977ರಲ್ಲಿ ಕ್ಲಾರ್ಕ್ ಮತ್ತು ಸ್ಟೀಫನ್‌ಸನ್ ಅವರು ಯುರೋಪಿನ ವರದಿಗಳೊಡನೆ ಕೂಡಿಸಿದರು. ಸೊಂಜೊ ದೊರೆಯ ಆಳ್ವಿಕೆಯ ವಾರ್ಷಿಕ ವೃತ್ತಾಂತಗಳಲ್ಲಿ ಅಕ್ಟೋಬರ್ 13ರಿಂದ ಸಿಗುವ ಈ ವರದಿಗಳನ್ನು ಕೇವಲ ಶಕುನಗಳ ಪಟ್ಟಿಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ (ಕೆಪ್ಲರನೂ ತನ್ನ 1606ರ ಗ್ರಂಥದಲ್ಲಿ ತಾರೆಯ ಫಲವಿಚಾರಕ್ಕೆ ಪುಟಗಟ್ಟಲೆ ಕೊಟ್ಟಿದ್ದಾನೆ, ಅದಕ್ಕಾಗಿ ಅವನ ವೀಕ್ಷಣೆಗಳನ್ನು ಯಾರೂ ಬದಿಗಿಟ್ಟಿಲ್ಲ). ಸಿಯೋಲ್‌ನಿಂದ ತಾರೆ 31 ಡಿಗ್ರಿಯವರೆಗೆ ಏರಬಲ್ಲದಾಗಿದ್ದುದರಿಂದ ಅಲ್ಲಿನವರಿಗಿದ್ದ ಅನುಕೂಲ ಪ್ರಾಗ್‌ನವರಿಗಿರಲಿಲ್ಲ. ಆದರೂ ಮೌಢ್ಯ ಅವರಿಗೂ ತಪ್ಪಲಿಲ್ಲ. ಮರುದರ್ಶನದ ನಂತರ ಎರಡೂ ಕಡೆಯವರು ಹೋಲಿಕೆಗೆ ಹಿಡಿದ ಜ್ಯೇಷ್ಠಾ ನಕ್ಷತ್ರವಂತೂ ಸ್ವತಃ ಚಂಚಲ ತಾರೆ, ಅಂದರೆ ಬೆಳಕು ಸ್ಥಿರವಾಗಿರದ ನಕ್ಷತ್ರ. ಅದರ ಕಾಂತಿಮಾನ ಸುಮಾರು 0.6ರಿಂದ 1.6ರವರೆಗೆ ಬದಲಾಗುವುದರಿಂದ, ಆ ಚಳಿಗಾಲದ ಬಿಂದುಗಳಿಗೆ ಬಾಗನ್ನು ನಿರ್ಣಯಿಸುವಷ್ಟು ನಿಖರತೆ ಇಲ್ಲ.

ಈ ಸಂಶಯ ಕೇವಲ ತರ್ಕದ್ದಲ್ಲ. ಜಲಜನಕವಿರುವ ಎರಡನೆಯ ವರ್ಗದಲ್ಲಿಯೂ ಕಾಂತಿಮಾನ ಬಹುಮಟ್ಟಿಗೆ ಸರಳರೇಖೆಯಂತೆ ಇಳಿಯುವ ಒಂದು ಬಗೆಯಿದ್ದು, 1604ರ ಬಿಂದುಗಳು ಅದಕ್ಕೂ ಹೊಂದುತ್ತವೆಂದು ಡಾಗೆಟ್ ಮತ್ತು ಬ್ರಾಂಚ್ 1985ರಲ್ಲಿ ತೋರಿಸಿದರು. ಒಂದನೆಯ ವರ್ಗವೇ ಆ ದಶಕದಲ್ಲಿ ಒಡೆದು, ಶ್ವೇತಕುಬ್ಜದ ಸ್ಫೋಟವೂ, ಜಲಜನಕವನ್ನು ಕಳೆದುಕೊಂಡ ಭಾರೀ ನಕ್ಷತ್ರದ ಗರ್ಭಕುಸಿತವೂ ಬೇರೆಬೇರೆ ಉಪವರ್ಗಗಳಾದವು. ಶ್ವೇತಕುಬ್ಜದ ಪಕ್ಷಕ್ಕೆ ಬಲ ಬಂದದ್ದು ಸ್ಫೋಟದ ಅವಶೇಷದಿಂದ: ಎಕ್ಸ್-ಕಿರಣ ರೋಹಿತದಲ್ಲಿ ಕಬ್ಬಿಣ ಹೇರಳವಾಗಿಯೂ ಆಮ್ಲಜನಕ ಅಲ್ಪವಾಗಿಯೂ ಕಂಡಿತು, ನಡುವೆ ನ್ಯೂಟ್ರಾನ್ ತಾರೆ ಸಿಗಲಿಲ್ಲ. ಟೈಕೋ ಬ್ರಾಹೆಯ 1572ರ ಮಹಾನವ್ಯಕ್ಕಾದರೋ, ಧೂಳಿಗೆ ತಾಗಿ ತಡವಾಗಿ ತಲುಪಿದ ಮೂಲಬೆಳಕಿನ ರೋಹಿತವೇ 2008ರಲ್ಲಿ ದೊರೆತು ಅದರ ವರ್ಗ ನೇರವಾಗಿ ತಿಳಿದಿದೆ. 1604ರ ನಿರ್ಣಯವನ್ನು ಅದೇ ಸಾಲಿನಲ್ಲಿ ಕೂರಿಸುವುದು ಎರಡು ಬಗೆಯ ಪ್ರಮಾಣಗಳನ್ನು ಕಲಸುವುದಾಗುತ್ತದೆ.

ಅವಶೇಷವನ್ನು 1941ರಲ್ಲಿ ಮೌಂಟ್ ವಿಲ್ಸನ್ನಿನಲ್ಲಿ ಗುರುತಿಸಿದವರೂ ಬಾಡೆಯವರೇ ಆದುದರಿಂದ ಅವರ ಹಿರಿಮೆಗೆ ಈ ವಿಮರ್ಶೆಯಿಂದ ಕುಂದಿಲ್ಲ. ಆದರೆ ಇನ್ನು ಮುಂದೆ ಅವರ ರೇಖೆಯನ್ನು ಮುದ್ರಿಸುವವರು ಮೌಢ್ಯದ ವಾರಗಳನ್ನು ಖಾಲಿ ಬಿಡಬೇಕು. ವರ್ಗಕ್ಕೆ ಆಧಾರ ಕೇಳಿದಾಗ 1943ರ ರೇಖೆಯ ಬದಲು ಎಕ್ಸ್-ಕಿರಣದ ರೋಹಿತವನ್ನು ತೋರಿಸಬೇಕು.