ಮೈಕ್ ಸೆಟ್ಟಿಗೆ ಕರೆಂಟು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಪವರ್ ಸಪ್ಲೈ ಚರಿತ್ರೆ

ಆಂಪ್ಲಿಫೈಯರ್ ತಾನಾಗಿ ಶಬ್ದ ಹುಟ್ಟಿಸುವುದಿಲ್ಲ. ಮೈಕಿನಿಂದಲೋ ಟೇಪಿನಿಂದಲೋ ಬರುವ ಸಣ್ಣ ಸಿಗ್ನಲ್ಲು ಕಾಲುವೆಯ ತೂಬನ್ನು ಎತ್ತಿ ಇಳಿಸುವ ಕೈಯಿದ್ದಂತೆ. ತೂಬಿನ ಹಿಂದೆ ನಿಂತ ನೀರು ಪವರ್ ಸಪ್ಲೈ. ಸ್ಪೀಕರಿನ ಕೋನನ್ನು ತಳ್ಳುವ ಬಲವೆಲ್ಲ ಸಪ್ಲೈನದೇ. ಸಪ್ಲೈ ಸೊರಗಿದರೆ ಎಷ್ಟು ಒಳ್ಳೆಯ ಸರ್ಕ್ಯೂಟ್ ಕಟ್ಟಿದ್ದರೂ ದನಿ ಒಡೆಯುತ್ತದೆ, ಸಪ್ಲೈ ಮಿತಿ ಮೀರಿದರೆ ಐಸಿ ಸುಟ್ಟುಹೋಗುತ್ತದೆ. ಆದ್ದರಿಂದ ಯಾವುದೇ ಸೀಮೆಯಲ್ಲಿ ಎಂಥ ಆಂಪ್ಲಿಫೈಯರ್ ಕಟ್ಟಿದರು ಎಂಬುದು ಅಲ್ಲಿ ಎಂಥ ಕರೆಂಟು ಇತ್ತು ಎಂಬುದನ್ನೇ ಅವಲಂಬಿಸಿರುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಈ ಆಯ್ಕೆಯನ್ನು ತೀರ್ಮಾನಿಸಿದ್ದು ಪುಸ್ತಕದ ಲೆಕ್ಕಕ್ಕಿಂತ ಹೆಚ್ಚಾಗಿ ಲೈನಿನ ಏರಿಳಿತ ಮತ್ತು ಕೈಗೆ ಸಿಗುವ ಬ್ಯಾಟರಿ.

ಹಳೆ ಮೈಸೂರಿನಲ್ಲಿ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿತ್ತು. 1905ರಲ್ಲಿ ಬೆಂಗಳೂರಿಗೆ ಬೀದಿದೀಪ ಬಂತು. ನಿಜಾಮರ ಆಳ್ವಿಕೆಯ ರಾಯಚೂರು ಸೀಮೆಗೆ ಅಂಥ ಭಾಗ್ಯ ಇರಲಿಲ್ಲ. ಲಿಂಗಸುಗೂರಿನ ಪಕ್ಕದ ಹಟ್ಟಿಯಲ್ಲಿ ಚಿನ್ನವಿದ್ದರೂ ಸುತ್ತಲ ಹಳ್ಳಿಗಳಲ್ಲಿ ಉರಿಯುತ್ತಿದ್ದದ್ದು ಎಣ್ಣೆ ದೀಪ. ನಾಟಕ ಕಂಪನಿಗಳು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಆಡಿದವು. ನಟರ ಗಂಟಲೇ ಆಗ ಅವುಗಳ ಆಂಪ್ಲಿಫೈಯರ್. ಉಳ್ಳವರ ಮನೆಯ ಗ್ರಾಮಫೋನಿಗೂ ಕರೆಂಟು ಬೇಡವಾಗಿತ್ತು. ಕೈಯಿಂದ ಸುತ್ತಿದ ಸ್ಪ್ರಿಂಗು ತಟ್ಟೆಯನ್ನು ತಿರುಗಿಸುತ್ತಿತ್ತು, ಹಿತ್ತಾಳೆಯ ಕೊಂಬು ದನಿಯನ್ನು ಹರಡುತ್ತಿತ್ತು.

ಹೈದರಾಬಾದಿನಲ್ಲಿ 1935ರಲ್ಲಿ ಡೆಕ್ಕನ್ ರೇಡಿಯೊ ಆರಂಭವಾಯಿತು, 1950ರಲ್ಲಿ ಧಾರವಾಡ ಆಕಾಶವಾಣಿ, 1966ರಲ್ಲಿ ಕಲಬುರಗಿ ಕೇಂದ್ರ. ಕೇಳಲು ಕೇಂದ್ರಗಳಿದ್ದರೂ ಲೈನಿಲ್ಲದ ಊರಿನಲ್ಲಿ ರೇಡಿಯೊ ಹಾಡುವುದು ಹೇಗೆ? ಇದಕ್ಕಾಗಿಯೇ ಬ್ಯಾಟರಿ ವಾಲ್ವ್ ರೇಡಿಯೊಗಳು ಬಂದವು. ವಾಲ್ವಿನ ಫಿಲಮೆಂಟ್ ಕಾಯಿಸಲು ಒಂದೂವರೆ ವೋಲ್ಟು, ಪ್ಲೇಟಿಗೆ 90 ವೋಲ್ಟು, ಎರಡನ್ನೂ ಕೊಡುವ ಒಣ ಬ್ಯಾಟರಿಯ ಭಾರದ ಪೊಟ್ಟಣ. ಅದು ಮುಗಿದರೆ ಬಿಸಾಡಿ ಹೊಸದು ತರಬೇಕು. ಪಂಚಾಯ್ತಿ ಕಟ್ಟೆಯ ಸಮುದಾಯ ರೇಡಿಯೊ ತಿಂಗಳುಗಟ್ಟಲೆ ಮೂಕವಾಗಲು ಹೊಸ ಬ್ಯಾಟರಿ ಬಾರದಿದ್ದರೆ ಸಾಕಿತ್ತು.

ಜಾತ್ರೆ, ಸಭೆಗಳಿಗೆ ಬಂದ ಮೈಕ್ ಸೆಟ್ಟಿನ ಹಸಿವು ಇದಕ್ಕಿಂತ ದೊಡ್ಡದು. 20–30 ವಾಟಿನ ವಾಲ್ವ್ ಆಂಪ್ಲಿಫೈಯರಿಗೆ 300–400 ವೋಲ್ಟ್ ಡಿಸಿ ಬೇಕು. ಕೈಯಲ್ಲಿರುವುದು ಲಾರಿಯ 6 ಅಥವಾ 12 ವೋಲ್ಟಿನ ಸೀಸದ ಬ್ಯಾಟರಿ. ನಡುವಿನ ಅಂತರವನ್ನು ತುಂಬಿದ್ದು ವೈಬ್ರೇಟರ್. ಡಬ್ಬಿಯೊಳಗೆ ತೆಳುವಾದ ಉಕ್ಕಿನ ನಾಲಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಬಡಿದು ಡಿಸಿಯನ್ನು ಕತ್ತರಿಸುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತದೆ, ಮತ್ತೊಂದು ವಾಲ್ವ್ ಅದನ್ನು ಮರಳಿ ಡಿಸಿ ಮಾಡುತ್ತದೆ. ನಾಲಗೆಯ ತುದಿಯ ಕಾಂಟ್ಯಾಕ್ಟುಗಳು ಸುಟ್ಟು ಅಂಟಿಕೊಂಡರೆ ಸಭೆ ಅಲ್ಲಿಗೇ ನಿಂತಂತೆ. ಆಂಪ್ಲಿಫೈಯರಿಗಿಂತ ಸಪ್ಲೈ ಹೆಚ್ಚು ಕೆಡುವ ಕಾಲ ಅದು. ಮೈಕಿನವನಿಗೆ ಬೇಕಿದ್ದದ್ದು ಸಂಗೀತದ ಕಿವಿಗಿಂತ ಮೊದಲು ಬ್ಯಾಟರಿಗೆ ನೀರು ಹಾಕುವ, ಕಾಂಟ್ಯಾಕ್ಟು ಉಜ್ಜುವ ತಾಳ್ಮೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬತೊಡಗಿತು; ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಒಣಭೂಮಿಯನ್ನು ಭತ್ತದ ಗದ್ದೆ ಮಾಡಿತು. 1956ರಲ್ಲಿ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ಅಣೆಕಟ್ಟಿನ ಎಡಮಗ್ಗುಲಿನ ಮುನಿರಾಬಾದ್ ವಿದ್ಯುದಾಗಾರ 1960ರ ದಶಕದಲ್ಲಿ ಕೆಲಸ ಆರಂಭಿಸಿತು. ಲೈನು ಪಟ್ಟಣಗಳಿಗೆ ಮೊದಲು, ಹಳ್ಳಿಗಳಿಗೆ ನಿಧಾನವಾಗಿ, ಕೇರಿಗಳಿಗೆ ತೀರ ತಡವಾಗಿ ತಲುಪಿತು; ಬಡವರ ಮನೆಗೆ ಒಂದು ಬಲ್ಬಿನ ಭಾಗ್ಯಜ್ಯೋತಿ ಯೋಜನೆ ಶುರುವಾದದ್ದೇ 1979–80ರಲ್ಲಿ. ಲೈನು ಬಂದ ಕಡೆ ವಾಲ್ವ್ ಸೆಟ್ಟುಗಳಿಗೆ 230 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬಂತು. ಹಳೆಯ ಕೆಲವು ಸೆಟ್ಟುಗಳಲ್ಲಿ ಒಂದು ಜಾಣ್ಮೆ ಇತ್ತು: ಸ್ಪೀಕರಿಗೆ ಶಾಶ್ವತ ಅಯಸ್ಕಾಂತದ ಬದಲು ತಂತಿ ಸುತ್ತಿದ ಫೀಲ್ಡ್ ಕಾಯಿಲ್ ಇರುತ್ತಿತ್ತು, ಅದೇ ಕಾಯಿಲ್ ಪವರ್ ಸಪ್ಲೈನ ಚೋಕ್ ಆಗಿಯೂ ದುಡಿದು ‘ಗುಂಯ್’ ಎನ್ನುವ ಹಮ್ಮನ್ನು ತಗ್ಗಿಸುತ್ತಿತ್ತು. ಒಂದೇ ತಾಮ್ರದಿಂದ ಎರಡು ಕೆಲಸ.

ವಾಲ್ವಿನ ಹೆಚ್ಚಿನ ವೋಲ್ಟೇಜಿನಿಂದ ಬಿಡುಗಡೆ ಕೊಟ್ಟಿದ್ದು ಟ್ರಾನ್ಸಿಸ್ಟರ್. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸತೊಡಗಿತು. ಬ್ಯಾಟರಿಯ ವೋಲ್ಟೇಜನ್ನು ಏರಿಸುವ ಗೋಜಿಲ್ಲದೆ ಅದರಿಂದಲೇ ನೇರವಾಗಿ ಆಂಪ್ಲಿಫೈಯರ್ ನಡೆಯುವಂತಾಯಿತು. ಮುಂದೆ 2ಎನ್3055 ಎಂಬ ದಪ್ಪ ಲೋಹದ ಟೋಪಿಯ ಪವರ್ ಟ್ರಾನ್ಸಿಸ್ಟರ್ ಮೈಕ್ ಸೆಟ್ಟುಗಳ ಬೆನ್ನೆಲುಬಾಯಿತು. ದೆಹಲಿಯ ಆಹುಜಾ ಕಂಪನಿಯ ಸೆಟ್ಟುಗಳು ಲೈನು ಮತ್ತು 12 ವೋಲ್ಟ್ ಬ್ಯಾಟರಿ ಎರಡರಲ್ಲೂ ನಡೆಯುತ್ತಿದ್ದವು; ಊರೂರಿನ ಮೈಕಿನವರು ಅವನ್ನು ನೆಚ್ಚಿಕೊಳ್ಳಲು ಇದೊಂದೇ ಗುಣ ಸಾಕಿತ್ತು.

ನೀರಾವರಿಯ ಜೊತೆಗೆ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರಿನ ಜೊತೆಗೆ ಪ್ರತಿ ಊರಿಗೂ 12 ವೋಲ್ಟಿನ ದೊಡ್ಡ ಬ್ಯಾಟರಿ ಬಂತು. ಸೋಮಲಾಪುರದ ಅಂಬಾಮಠದ ಜಾತ್ರೆ, ಗುರುಗುಂಟಾ ಅಮರೇಶ್ವರನ ತೇರು, ಮುದಗಲ್ಲಿನ ಮೊಹರಂ, ಮಸ್ಕಿ ಮಲ್ಲಿಕಾರ್ಜುನನ ಉತ್ಸವದಂಥ ಜನಜಂಗುಳಿಯ ಕಡೆ ಲೈನನ್ನೇ ನಂಬಿ ಕೂರುವಂತಿರಲಿಲ್ಲ. 80 ಆಂಪಿಯರ್-ಅವರ್ ಬ್ಯಾಟರಿಯಿಂದ ಸರಾಸರಿ 4 ಆಂಪಿಯರ್ ಎಳೆದರೂ ಅದು ಅರ್ಧ ಖಾಲಿಯಾಗಲು 10 ಗಂಟೆ ಬೇಕು, ಅಂದರೆ ಒಂದು ಬಯಲಾಟದ ರಾತ್ರಿ ಪೂರ್ತಿ. ಕಡಿಮೆ ವಾಟಿನ ಕೊರತೆಯನ್ನು ಕಂಬಕ್ಕೆ ಕಟ್ಟಿದ ಹಾರ್ನ್ ತುಂಬಿಕೊಡುತ್ತಿತ್ತು. ಸಾಮಾನ್ಯ ಕೋನ್ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 90 ಡೆಸಿಬೆಲ್ ಕೊಟ್ಟರೆ ಹಾರ್ನ್ 105ರ ಆಸುಪಾಸು ಕೊಡುತ್ತದೆ. 15 ಡೆಸಿಬೆಲ್ ವ್ಯತ್ಯಾಸವೆಂದರೆ ಸುಮಾರು 30 ಪಟ್ಟು ಪವರ್. ಹಾರ್ನಿನ ದನಿ ಕರ್ಕಶವೆಂದು ಪಟ್ಟಣದ ರಸಿಕರು ದೂರಿದ್ದಾರೆ; ಆದರೆ ಬ್ಯಾಟರಿಯ ಮೇಲೆ ಬದುಕುವ ಸೀಮೆಗೆ ಅದಕ್ಕಿಂತ ವಿವೇಕದ ಆಯ್ಕೆ ಇರಲಿಲ್ಲ.

ಮನೆಯಲ್ಲಿ ಕೂತು ಹವ್ಯಾಸಕ್ಕೆ ಆಂಪ್ಲಿಫೈಯರ್ ಕಟ್ಟುವ ರೂಢಿ ಬೆಳೆದದ್ದು 1980ರ ದಶಕದ ಕ್ಯಾಸೆಟ್ ಭರಾಟೆಯಲ್ಲಿ. ಟಿಬಿಎ810 ಎಂಬ ಐಸಿ 16 ವೋಲ್ಟಿನಲ್ಲಿ 7 ವಾಟ್ ಕೊಡುತ್ತಿತ್ತು. ಅನಂತರ ಸ್ಯಾನ್ಯೋ ಕಂಪನಿಯ ಎಲ್‌ಎ4440 ಬಂದು ರಿಪೇರಿ ಅಂಗಡಿಗಳಲ್ಲಿ ಬರೀ ‘4440’ ಎಂದೇ ಮನೆಮಾತಾಯಿತು. ಬಿಡಿಭಾಗಕ್ಕೆ ಹೈದರಾಬಾದಿನ ಕೋಠಿ ಅಥವಾ ಬೆಂಗಳೂರಿನ ಎಸ್.ಪಿ. ರೋಡು. ಕಾರ್ ಸ್ಟೀರಿಯೊ ತಂದು ಮರದ ಪೆಟ್ಟಿಗೆಗೆ ಕೂರಿಸಿ, ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಬಿಗಿದು ಮನೆಯಲ್ಲೇ ‘ಬೇಸ್’ ಹುಟ್ಟಿಸಿದವರೂ ಇದ್ದರು. ಇವೆಲ್ಲಕ್ಕೂ ಬೇಕಾದದ್ದು 12 ವೋಲ್ಟ್. 4440 ವಾಹನಕ್ಕೆಂದೇ ಹುಟ್ಟಿದ ಐಸಿ, ಅದರ ಲೆಕ್ಕಗಳೆಲ್ಲ 13.2 ವೋಲ್ಟಿನ ಮೇಲಿವೆ: ಎರಡು ಚಾನೆಲ್ಲಿಗೆ ತಲಾ 6 ವಾಟ್, ಎರಡನ್ನೂ ಒಂದೇ ಸ್ಪೀಕರಿಗೆ ಬ್ರಿಡ್ಜ್ ಮಾಡಿದರೆ 19 ವಾಟ್.

ಬ್ಯಾಟರಿಯ ಬದಲು ಲೈನಿಗೆ ಹಾಕುವಾಗ ಹೆಚ್ಚಿನವರು ಕೊಳ್ಳುತ್ತಿದ್ದದ್ದು 12-0-12 ಟ್ರಾನ್ಸ್‌ಫಾರ್ಮರ್, ಅಂದರೆ ನಡುವಿನ ಸೊನ್ನೆಯ ಎರಡು ಕಡೆಗೆ ತಲಾ 12 ವೋಲ್ಟಿನದು. ಪಾಠ ಕಲಿತದ್ದು ಇಲ್ಲಿಯೇ. ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ 12 ಎಸಿ ವೋಲ್ಟು. ಡಯೋಡು, ಕೆಪಾಸಿಟರ್ ದಾಟಿದ ಮೇಲೆ ಅದು 1.414 ಪಟ್ಟಾಗಿ, ಡಯೋಡಿನಲ್ಲಿ 0.7 ಕಳೆದು, ಸುಮಾರು 16 ಆಗುತ್ತದೆ. ಲೈನು 230 ಇದ್ದರೆ ಮಾತ್ರ ಈ ಲೆಕ್ಕ. ನೀರಾವರಿ ಸೀಮೆಯಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತು ಲೈನು 170ಕ್ಕೆ ಕುಸಿದರೆ ಅದೇ ಸಪ್ಲೈ 11.8 ವೋಲ್ಟಿಗೆ ಇಳಿಯುತ್ತದೆ. ಹಾಡು ಸ್ವಲ್ಪ ಸೊರಗುತ್ತದೆ, ನಿಲ್ಲುವುದಿಲ್ಲ. ಪಂಪುಗಳು ನಿಂತು ಲೈನು 260ಕ್ಕೆ ಏರಿತೋ, ಸಪ್ಲೈ 18.5 ಮುಟ್ಟುತ್ತದೆ. 4440 ಕೆಲಸ ಮಾಡುವಾಗ ತಾಳುವ ಮಿತಿ 18. ಹಗಲೆಲ್ಲ ಚೆನ್ನಾಗಿ ಹಾಡಿದ ಸೆಟ್ಟು ನಡುರಾತ್ರಿ ಸುಟ್ಟುಹೋಗುವುದರ ಗುಟ್ಟು ಇದು. ಬಲ್ಲವರು 9-0-9 ಟ್ರಾನ್ಸ್‌ಫಾರ್ಮರ್ ಹಾಕುತ್ತಿದ್ದರು: 230ರಲ್ಲಿ 12, 260ರಲ್ಲಿ 13.7, 170ರಲ್ಲಿ 8.7. ದನಿ ಕೊಂಚ ಕಡಿಮೆ, ಆಯುಷ್ಯ ಹೆಚ್ಚು. ಇನ್ನು ಕೆಲವರು ಟಿವಿಯ ಸ್ಟೆಬಿಲೈಜರನ್ನೇ ಮುಂದೆ ಇಟ್ಟು ಎರಡನ್ನೂ ಉಳಿಸಿಕೊಂಡರು.

ಎರಡನೆಯ ಪಾಠ ಕೆಪಾಸಿಟರಿನದು. 50 ಹರ್ಟ್ಸ್ ಎಸಿಯ ಎರಡೂ ಅರ್ಧಗಳನ್ನು ಡಿಸಿ ಮಾಡಿದಾಗ ಸೆಕೆಂಡಿಗೆ 100 ಅಲೆ ಉಳಿಯುತ್ತದೆ. ಸ್ಪೀಕರಿನಲ್ಲಿ ಕೇಳುವ ‘ಗುಂಯ್’ ಹಮ್ಮು ಅದೇ. ಒಂದು ಆಂಪಿಯರ್ ಎಳೆಯುವ ಸೆಟ್ಟಿಗೆ 4700 ಮೈಕ್ರೋಫ್ಯಾರಡ್ ಹಾಕಿದರೆ ಅಲೆಯ ಎತ್ತರ ಸುಮಾರು 2 ವೋಲ್ಟ್, 2200 ಹಾಕಿದರೆ ನಾಲ್ಕೂವರೆ. ಹಣ ಉಳಿಸಲು 1000 ಹಾಕಿದ ಸೆಟ್ಟಿನಲ್ಲಿ ಡೋಲಿನ ಪೆಟ್ಟು ಬಿದ್ದಾಗಲೆಲ್ಲ ದನಿ ಒಡೆಯುವುದು ಇದರಿಂದಲೇ. ಕೆಪಾಸಿಟರಿನ ವೋಲ್ಟೇಜ್ ಅಂಕಿಯನ್ನೂ ಲೈನು ನೋಡಿಯೇ ಆರಿಸಬೇಕಿತ್ತು: 16 ವೋಲ್ಟಿನ ಸಪ್ಲೈಗೆ 25ರ ಕೆಪಾಸಿಟರ್ ಸಾಕು, 16ರದ್ದು ಹಾಕಿದರೆ ಉಬ್ಬಿ ಸಿಡಿಯುವ ಅಪಾಯವಿತ್ತು. ಡಯೋಡಿನ ವಿಷಯದಲ್ಲೂ ಅಷ್ಟೇ. ಒಂದು ಆಂಪಿಯರಿನ 1ಎನ್4007 ಅಗ್ಗವೆಂದು ಹಾಕಿದವರು ಆಮೇಲೆ ಮೂರು ಆಂಪಿಯರಿನ 1ಎನ್5408ಕ್ಕೆ ಬಂದರು.

ದೊಡ್ಡ ದನಿಯ ಆಸೆ ಎರಡು ಬಗೆಯ ವೋಲ್ಟಿನ ಸಪ್ಲೈಯನ್ನು ತಂದಿತು. ಟಿಡಿಎ2030 ಐಸಿಗೆ 12-0-12ರಿಂದಲೇ ಪ್ಲಸ್ 16, ಮೈನಸ್ 16 ಸಿಗುತ್ತದೆ. ಆದರೆ ಅದರ ಮಿತಿಯೂ ಎರಡು ಕಡೆಗೆ 18, ಹಾಗಾಗಿ ರಾತ್ರಿಯ ಏರಿದ ಲೈನಿಗೆ ಅದೂ ಬಲಿ. 2ಎನ್3055 ಬೋರ್ಡುಗಳಿಗೆ 24-0-24 ಬೇಕಾಯಿತು. ಟ್ರಾನ್ಸ್‌ಫಾರ್ಮರ್ ದೊಡ್ಡದಾದಂತೆ ಬೆಲೆಯೂ ಏರಿತು. ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತಿದ ಸರಕು ಮಾರುಕಟ್ಟೆಗೆ ಬಂತು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅಷ್ಟೇ ದಪ್ಪದ ಅಲ್ಯೂಮಿನಿಯಂ ತಂತಿಯ ತಡೆ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು, ಆದ್ದರಿಂದ ಲೋಡು ಬಿದ್ದೊಡನೆ ವೋಲ್ಟೇಜ್ ಕುಸಿದು ತಂತಿ ಕಾಯುತ್ತದೆ. ಅಲ್ಯೂಮಿನಿಯಂ ತಾಮ್ರಕ್ಕಿಂತ ಹಗುರವಾದ್ದರಿಂದ ಎತ್ತಿ ನೋಡಿ ತೂಕದಿಂದ ಕೊಳ್ಳುವ ಪದ್ಧತಿ ಬೆಳೆಯಿತು. ಕಂಪ್ಯೂಟರ್ ಅಂಗಡಿಗಳ ಹಾಳಾದ ಯುಪಿಎಸ್‌ಗಳು ಗುಜರಿಗೆ ಬರತೊಡಗಿದಾಗ ಅವುಗಳ ಟ್ರಾನ್ಸ್‌ಫಾರ್ಮರನ್ನು ತಿರುವಿ ಜೋಡಿಸಿ ಕಡಿಮೆ ಖರ್ಚಿನ ಸಪ್ಲೈ ಮಾಡುವುದೂ ಶುರುವಾಯಿತು.

ಇದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಶಾಖೋತ್ಪನ್ನ ಸ್ಥಾವರ ರಾಜ್ಯಕ್ಕೆಲ್ಲ ವಿದ್ಯುತ್ತು ಕೊಡುತ್ತಿದೆ. ಹೊಗೆ, ಬೂದಿ ಉಂಡ ಜಿಲ್ಲೆಯ ಹಳ್ಳಿಗಳಲ್ಲಿ ಸಂಜೆಯ ಬಲ್ಬು ಕೆಂಪಗೆ ಮಿಣುಕುತ್ತಿದ್ದುದು ಅನ್ಯಾಯವೇ. 2002ರಲ್ಲಿ ಈ ಸೀಮೆಗೆ ವಿದ್ಯುತ್ತು ಹಂಚುವ ಕಂಪನಿ ಜೆಸ್ಕಾಂ ಬಂತು. ನಿರಂತರ ಜ್ಯೋತಿ ಯೋಜನೆ ಪಂಪ್‌ಸೆಟ್ಟಿನ ಫೀಡರನ್ನು ಮನೆಗಳ ಫೀಡರಿನಿಂದ ಬೇರೆ ಮಾಡಿದ ಕಡೆಗಳಲ್ಲಿ ಏರಿಳಿತ ತಗ್ಗಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕಿದ್ದರಿಂದ ಬಯಲಾಟದ ಮೈಕ್ ಕಸುಬಿಗೂ ಪೆಟ್ಟು ಬಿತ್ತು.

ಆದರೆ ಹವ್ಯಾಸಿಯ ಲೆಕ್ಕವನ್ನು ನಿಜವಾಗಿ ಬದಲಿಸಿದ್ದು ಎಸ್‌ಎಂಪಿಎಸ್. ಲೈನಿನ ಎಸಿಯನ್ನು ಮೊದಲೇ ಡಿಸಿ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಅಂಗೈಯಗಲದ ಫೆರೈಟ್ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸುವ ಈ ಪೆಟ್ಟಿಗೆ 100ರಿಂದ 240 ವೋಲ್ಟಿನವರೆಗೆ ಏನು ಬಂದರೂ ಅದೇ ವೋಲ್ಟೇಜನ್ನು ಹಿಡಿದು ಕೊಡುತ್ತದೆ. ಹಳೆ ಕಂಪ್ಯೂಟರಿನ ಸಪ್ಲೈನಿಂದ 12 ವೋಲ್ಟ್, ಲ್ಯಾಪ್‌ಟಾಪ್ ಅಡಾಪ್ಟರಿನಿಂದ 19 ವೋಲ್ಟ್. ಅದಕ್ಕೆ ಸರಿಯಾಗಿ ಕ್ಲಾಸ್-ಡಿ ಬೋರ್ಡುಗಳೂ ಬಂದವು: ಫೋನ್ ಚಾರ್ಜರಿನ 5 ವೋಲ್ಟಿಗೆ ಪಿಎಎಂ8403, ಅಡಾಪ್ಟರಿಗೆ ಟಿಪಿಎ3116. ಎಳೆದ ಪವರಿನಲ್ಲಿ ಹೆಚ್ಚುಪಾಲು ಸ್ಪೀಕರಿಗೇ ಹೋಗುವುದರಿಂದ ದೊಡ್ಡ ಹೀಟ್‌ಸಿಂಕ್ ಬೇಡ, ಕೆಜಿಗಟ್ಟಲೆ ಕಬ್ಬಿಣವೂ ಬೇಡ. ಬ್ಯಾಟರಿ ಬೇಕೆಂದರೆ ಮೂರು ಲಿಥಿಯಂ ಸೆಲ್ಲು ಸಾಲಾಗಿ ಕೂಡಿಸಿದರೆ ಪೂರ್ತಿ ಚಾರ್ಜಿನಲ್ಲಿ 12.6 ವೋಲ್ಟ್.

ಹೊಸ ಸಪ್ಲೈಗೂ ತನ್ನ ಷರತ್ತುಗಳಿವೆ. ಬೇಸಿನ ಪೆಟ್ಟು ಬಿದ್ದಾಗ ಸೆಟ್ಟು ಕ್ಷಣಕಾಲ ಹೆಚ್ಚು ಕರೆಂಟು ಎಳೆದರೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಸಹಿಸಿಕೊಳ್ಳುತ್ತದೆ, ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ಆಫ್ ಆಗುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ಒಂದೂವರೆ ಪಟ್ಟು ಆಂಪಿಯರಿನದನ್ನು ಆರಿಸುವುದು ಒಳ್ಳೆಯದು. ಅಗ್ಗದವುಗಳ ಕತ್ತರಿಸುವ ಸದ್ದು ಆಡಿಯೊದೊಳಗೆ ಸಿಳ್ಳಾಗಿ ನುಸುಳುತ್ತದೆ. ಮೂರು ಪಿನ್ನಿನ ಅಡಾಪ್ಟರನ್ನು ಅರ್ಥಿಂಗ್ ಇಲ್ಲದ ಮನೆಯಲ್ಲಿ ಹಾಕಿದರೆ ಲೋಹದ ಡಬ್ಬಿ ಮುಟ್ಟಿದಾಗ ಜುಮ್ಮೆನ್ನುತ್ತದೆ. ಒಳಗಿನ ಮೊದಲ ಕೆಪಾಸಿಟರಿನಲ್ಲಿ 230ರ ಲೈನಿಗೆ ಸುಮಾರು 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿಯುತ್ತದೆ. 12 ವೋಲ್ಟಿನ ಬ್ಯಾಟರಿ ತಂತಿಯನ್ನು ನಿರ್ಭಯವಾಗಿ ಮುಟ್ಟಿ ಬೆಳೆದ ಕೈಗಳು ಪ್ಲಗ್ ಕಿತ್ತು ಎಸ್‌ಎಂಪಿಎಸ್ ಡಬ್ಬಿ ಬಿಚ್ಚಿ, ಒಳಗೆ ಕೈ ಹಾಕುವ ಮುನ್ನ ಆ ಕೆಪಾಸಿಟರಿನ ಎರಡು ಕಾಲಿಗೆ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿಕೊಳ್ಳಬೇಕು.